ಸ್ಪ್ರೇ ಯಾವ್ದು ಅಂತ ಆಮೇಲೆ ಕೇಳಿ, ಮೊದ್ಲು ಇಂಜಿನ್ ಹೆಡ್ ಹತ್ರ ಇರೋ ಆ ಎರಡು ನಟ್ಟು ನೋಡಿ

ನಾಲೆ ನೀರಲ್ಲಿ ತೊಳೆದು ತೊಳೆದು ತುಕ್ಕು ಹಿಡಿದಿರೋ ಸ್ಪ್ಲೆಂಡರ್ ಸೈಲೆನ್ಸರ್‌ನ ಮನೇಲೇ ಬಿಚ್ಚಿ ಸೆರಾಮಿಕ್ ಕೋಟಿಂಗ್ ಹೊಡಿಬೋದಾ, ಯಾವ ಸ್ಪ್ರೇ ಒಳ್ಳೇದು, ಮೈಲೇಜ್ ಏನಾದ್ರೂ ಜಾಸ್ತಿ ಬರುತ್ತಾ ಅಂತ ಕೇಳಿದೀರ. ಗುರುಗಳೇ, ನಮ್ಮಪ್ಪನ ಗಾಡೀನೂ ಸ್ಪ್ಲೆಂಡರ್ರೇ, ಹೀರೋ ಹೋಂಡಾ ಅಂತ ಇನ್ನೂ ಒಂದೇ ಹೆಸರಿದ್ದ ಕಾಲದ್ದು, ಪಾಂಡವಪುರದ ಕಡೆ ಕಬ್ಬಿನ ಗದ್ದೆ ದಾರೀಲಿ ಓಡಿ ವಿಸಿ ನಾಲೇಲೇ ಸ್ನಾನ ಮಾಡಿದ ಗಾಡಿ. ಅಪ್ಪಂದೊಂದು ಚಟ, ಗದ್ದೆಯಿಂದ ವಾಪಸ್ ಬರ್ತಾ ಇಂಜಿನ್ ಇನ್ನೂ ಸುಡ್ತಾ ಇದ್ದಂಗೇ ನಾಲೆಗಿಳಿಸಿ ಬಕೆಟ್ಟಲ್ಲಿ ನೀರು ಎರಚೋದು, ಚುಯ್ ಅಂತ ಹೊಗೆ ಏಳೋದು ನೋಡಿ ಖುಷಿ ಪಡೋದು. ಆ ಚುಯ್‌ಗೆಲ್ಲ ಆಮೇಲೆ ನಾನು ಮೈಸೂರಲ್ಲಿ ಕೂತು ದುಡ್ಡು ಕಟ್ಟಿದೀನಿ.

ಗಾಡಿ ಮೈಸೂರಿಗೆ ತಂದಾಗ ಇಂಜಿನ್ನಿಂದ ಸೈಲೆನ್ಸರ್‌ಗೆ ಹೋಗೋ ಬೆಂಡ್ ಪೈಪು ಕೆಂಪಗೆ ಚಕ್ಕೆ ಚಕ್ಕೆ ಏಳ್ತಿತ್ತು. ವಿಡಿಯೋಲಿ ಒಬ್ಬ ಸ್ಪ್ರೇ ಡಬ್ಬಿ ಹಿಡ್ಕೊಂಡು ಹಾಡು ಹಾಕ್ಕೊಂಡು ಐದು ನಿಮಿಷದಲ್ಲಿ ಹೊಸ ಸೈಲೆನ್ಸರ್ ಥರ ಮಾಡ್ಬಿಡ್ತಾನೆ, ನಾನೂ ಅದೇ ರಾತ್ರಿ ಡಬ್ಬಿ ಆರ್ಡರ್ ಮಾಡ್ದೆ. ಅವನು ಬಿಚ್ಚೋದನ್ನ ಮಾತ್ರ ತೋರ್ಸಿರ್ಲಿಲ್ಲ, ಶುರುವಾಗೋ ಹೊತ್ಗೇ ಪೈಪು ಕೆಳಗಡೆ ಪೇಪರ್ ಮೇಲಿತ್ತು.

ಈಗ ನಾನು ಮಾಡಿದ್ದನ್ನ ಸ್ವಲ್ಪ ಉದ್ದುದ್ದ ಹೇಳ್ತೀನಿ, ಯಾಕಂದ್ರೆ ನೀವು ಕೂಡ ಅದನ್ನೇ ಮಾಡ್ತೀರ. ಹೆಡ್ ಅಂದ್ರೆ ಇಂಜಿನ್ ಸಿಲಿಂಡರ್ ಮುಚ್ಚಿರೋ ಭಾಗ, ಅಲ್ಲಿ ಬೆಂಡ್ ಪೈಪ್ ಹಿಡ್ಕೊಂಡಿರೋದು ಎರಡು ಸ್ಟಡ್, ಅಂದ್ರೆ ತಲೆ ಇಲ್ಲದ ಬೋಲ್ಟು, ಆರು ಎಂಎಂದು, ಅದರ ಮೇಲೆ ಹತ್ತನೇ ನಂಬರ್ ಸ್ಪ್ಯಾನರ್ ಕೂರೋ ನಟ್ಟು. ಸ್ಟಡ್ಡು ಕಬ್ಬಿಣ, ಅದು ಕೂತಿರೋ ಹೆಡ್ಡು ಅಲ್ಯೂಮಿನಿಯಂ. ಎರಡು ಬೇರೆ ಬೇರೆ ಲೋಹದ ಮಧ್ಯೆ ನೀರು ಸೇರಿದ್ರೆ ಬರೀ ತುಕ್ಕಲ್ಲ, ಅಲ್ಯೂಮಿನಿಯಂ ಬಿಳೀ ಪುಡಿಯಾಗಿ ಉಬ್ಬಿ ಥ್ರೆಡ್ಡನ್ನ ಕಚ್ಕೊಳ್ಳುತ್ತೆ, ಎಣ್ಣೆ ಸವರದೆ ಬಿಟ್ಟ ಅಚ್ಚಲ್ಲಿ ಬೆಲ್ಲ ಕಚ್ಕೊಂಡಂಗೆ. ನಾನು ಬೆಳಿಗ್ಗೆ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ, ತುಕ್ಕು ಬಿಡ್ಸೋ ಎಣ್ಣೆ ಸ್ಪ್ರೇ ಪುಸ್ ಅನ್ಸಿ ಕಾಫಿ ಕುಡಿಯೋಷ್ಟು ಹೊತ್ತೂ ಬಿಡದೆ ಸ್ಪ್ಯಾನರ್ ಹಾಕ್ದೆ. ಮೊದಲ್ನೇ ನಟ್ಟು ಕಟ್ ಅಂತ ಸದ್ದು ಮಾಡಿ ಬಿಟ್ಕೊಳ್ತು. ಎರಡನೇದು ಸದ್ದಿಲ್ಲದೆ ಮೆತ್ತಗೆ ತಿರುಗೋಕೆ ಶುರುವಾಯ್ತು, ಆಹಾ ಇದು ಇನ್ನೂ ಸಲೀಸು ಅನ್ಕೊಂಡೆ. ಅಲ್ಲೇ ಕಣ್ರೀ ನಿಲ್ಲಿಸ್ಬೇಕಾಗಿದ್ದು! ತುಕ್ಕು ಹಿಡಿದ ನಟ್ಟು ಬಿಡೋವಾಗ ಸದ್ದು ಮಾಡುತ್ತೆ, ಸದ್ದೂ ಇಲ್ಲ, ಒಂದು ಥರ ಸ್ಪ್ರಿಂಗ್ ಒತ್ತಿದಂಗೆ ಕೈಗೆ ಹತ್ತುತ್ತೆ ಅಂದ್ರೆ ತಿರುಗ್ತಾ ಇರೋದು ನಟ್ಟಲ್ಲ, ಸ್ಟಡ್ಡೇ ತಿರುಚ್ಕೊತಾ ಇದೆ. ಇನ್ನೊಂದು ಕಾಲು ಸುತ್ತಿಗೆ ನಟ್ಟು, ಸ್ಟಡ್ಡಿನ ತುಂಡು ಎರಡೂ ಕೈಗೆ ಬಂತು. ಹೆಡ್ಡಿನ ಮಟ್ಟಕ್ಕೇ ಮುರಿದಿತ್ತು, ಇಕ್ಕಳಕ್ಕೆ ಹಿಡಿಯೋಕೂ ಏನೂ ಉಳಿದಿರ್ಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ರೂ ಕಡಿಮೇಲಿ ಮುಗೀತಿತ್ತು. ಬಿಡ್ಲಿಲ್ಲ. ಅಂಗಡಿಗೋಗಿ ಈಜಿ ಔಟ್ ತಂದೆ, ಮುರಿದ ಸ್ಟಡ್ ಮಧ್ಯೆ ತೂತು ಹೊಡೆದು ಉಲ್ಟಾ ತಿರುಗ್ಸಿ ಹೊರಗೆ ತೆಗೆಯೋದು ಅದು. ಕೈ ಡ್ರಿಲ್ಲಲ್ಲಿ ತೂತು ಮಧ್ಯಕ್ಕೆ ಬೀಳ್ಲಿಲ್ಲ, ಓರೆಯಾಯ್ತು, ಈಜಿ ಔಟ್ ಹಾಕಿ ಜೋರು ಕೊಟ್ರೆ ಅದೂ ಟಪ್ ಅಂತ ಒಳಗೇ ಮುರೀತು. ಈಗ ಯೋಚ್ನೆ ಮಾಡಿ, ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗ್ಸಿದಾಗ ಅಲ್ಲಾಡದೆ ಮುರಿದೇ ಹೋದ ಸ್ಟಡ್ಡು, ಅದರೊಳಗಿನ ಮೂರು ಎಂಎಂ ಕಡ್ಡಿಗೆ ಬರುತ್ತಾ? ಈಜಿ ಔಟ್ ಗಟ್ಟಿ ಮಾಡಿದ ಸ್ಟೀಲು, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ ಅಷ್ಟೇ, ಪಕ್ಕದ ಮೆತ್ತನೆ ಅಲ್ಯೂಮಿನಿಯಂ ಕೊರ್ಕೊಂಡು ಹೋಗುತ್ತೆ. ಕೊನೆಗೆ ಹೆಡ್ಡೇ ಬಿಚ್ಚಿ, ಕೈಚೀಲದಲ್ಲಿ ಹಾಕ್ಕೊಂಡು ಸಿಟಿ ಬಸ್ಸಲ್ಲಿ ಮೇಟಗಳ್ಳಿ ಕಡೆ ಇಂಡಸ್ಟ್ರಿಯಲ್ ಏರಿಯಾಗೆ ಹೋಗಿ, ಸ್ಪಾರ್ಕ್ ಎರೋಷನ್ ಮೆಷಿನ್ನಲ್ಲಿ ಆ ತುಂಡು ಕರಗಿಸಿ, ಕೆಟ್ಟೋಗಿದ್ದ ಥ್ರೆಡ್ಡಿಗೆ ಹೆಲಿಕಾಯಿಲ್ ಅನ್ನೋ ತಂತಿ ಸುರುಳಿ ಥ್ರೆಡ್ ಹಾಕ್ಸಿ, ಹೊಸ ಹೆಡ್ ಪ್ಯಾಕಿಂಗ್ ಕೂರ್ಸಿ, ಟ್ಯಾಪೆಟ್ (ವಾಲ್ವ್ ಗ್ಯಾಪ್) ಸೆಟ್ ಮಾಡ್ಸಿ... ಸ್ಪ್ರೇ ಡಬ್ಬಿಗೆ ಕೊಟ್ಟಿದ್ದರ ಎಷ್ಟೋ ಪಟ್ಟು ಹೋಯ್ತು. ಡಬ್ಬಿ ಸೀಲ್ ಕೂಡ ಒಡೆದಿರ್ಲಿಲ್ಲ ಅಷ್ಟೊತ್ಗೆ.

ಆಮೇಲೆ ನಮ್ಮ ಬೀದೀಲಿರೋ ಒಬ್ಬ ಯಜಮಾನ್ರು ಹೇಳಿದ್ರು. ಯಾದವಗಿರಿ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರೀಲಿ ಕೆಲ್ಸ ಮಾಡ್ತಿದ್ದವರು, 1996ರಲ್ಲಿ ಫ್ಯಾಕ್ಟರಿ ಮುಚ್ಚೋವರೆಗೂ ಅಲ್ಲೇ ಇದ್ದವರು, ಅಲ್ಲಿನ ಎಜ್ಡಿ ಬೈಕ್ ಬಗ್ಗೆ ಮಾತು ತೆಗೆದ್ರೆ ಮಧ್ಯಾಹ್ನದ ಊಟ ಮರೀತಾರೆ. 'ಮುರಿದ ಸ್ಟಡ್ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡ್ಸಿದ್ರೆ ಆಯ್ತಿತ್ತಲ್ಲಪ್ಪ, ಆ ಕಾವಿಗೇ ಅರ್ಧ ಬಿಟ್ಕೊಳ್ತದೆ' ಅಂದ್ರು. ವೆಲ್ಡಿಂಗ್ ಶಾಪ್ ನಮ್ಮನೆಯಿಂದ ಎರಡು ಕ್ರಾಸ್ ಆಚೆ ಇದೆ, ಇಡೀ ಹೆಡ್ ಬಿಚ್ಚೋಕೆ ಮುಂಚೆ ನನಗೆ ಅದು ಹೊಳೀಲೇ ಇಲ್ಲ.

ಹಂಗಾಗಿ ನಿಮಗೆ ಹೇಳೋದು, ಹಿಂದಿನ ರಾತ್ರೀನೇ ನಟ್ಟಿಗೆ ತುಕ್ಕು ಬಿಡ್ಸೋ ಎಣ್ಣೆ ಹಾಕಿ, ಬೆಳಿಗ್ಗೆ ಮತ್ತೆ ಹಾಕಿ. ತಂತಿ ಬ್ರಷ್ಷಲ್ಲಿ ಹೊರಗೆ ಕಾಣೋ ಥ್ರೆಡ್ ಪೂರ್ತಿ ಉಜ್ಜಿ. ಬಾಯಿ ತೆರೆದಿರೋ ಡಿ ಸ್ಪ್ಯಾನರ್ ಬೇಡವೇ ಬೇಡ, ಆರು ಮೂಲೆ ಇರೋ ಬಾಕ್ಸ್ ಅಥವಾ ಟಿ ಸ್ಪ್ಯಾನರ್. ಕಾವು ಕೊಡೋದಾದ್ರೆ ನಟ್ಟಿಗೇ ಕೊಡಿ, ನಟ್ಟು ಹಿಗ್ಗಿದ್ರೆ ತಾನೇ ಸ್ಟಡ್ಡನ್ನ ಬಿಡೋದು, ಅದಕ್ಕೆ ಮುಂಚೆ ಎಣ್ಣೆ ಒರೆಸಿ, ಟ್ಯಾಂಕ್ ಪೆಟ್ರೋಲ್ ಸಮೇತ ಬಿಚ್ಚಿ ದೂರ ಇಡಿ. ಮೊದ್ಲು ಒಂಚೂರು ಟೈಟ್ ಕಡೆಗೇ ತಿರುಗ್ಸಿ ತುಕ್ಕಿನ ಹಿಡಿತ ಬಿಡ್ಸಿ, ಆಮೇಲೆ ಲೂಸ್ ಕಡೆಗೆ, ಮತ್ತೆ ವಾಪಸ್, ಹಿಂದೆ ಮುಂದೆ ಹಿಂದೆ ಮುಂದೆ. ಮೆತ್ತಗಾಯ್ತು ಅನ್ಸಿದ ಕ್ಷಣ ಕೈ ತೆಗೀರಿ. ಬಿಎಸ್ 6, ಅಂದ್ರೆ ಹೊಸ ಹೊಗೆ ನಿಯಮದ ಗಾಡಿ ಆದ್ರೆ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತೆ, ವೈರ್ ನೋಡದೆ ಎಳೀಬೇಡಿ.

ಇನ್ನು ಸೆರಾಮಿಕ್. ಮೈಲೇಜ್ ಬರುತ್ತಾ ಅಂದ್ರೆ ಬರಲ್ಲ, ಆ ಆಸೆ ಬಿಡಿ. ರೇಸ್ ಗಾಡಿ ಹೆಡರ್‌ಗೆ, ಅಂದ್ರೆ ಅದರ ಬೆಂಡ್ ಪೈಪಿಗೆ, ಹಾಕೋದು ಪೈಪಿನ ಕಾವು ಹೊರಗೆ ಬರದೆ ಗ್ಯಾಸ್ ಜೊತೆ ಹೋಗ್ಲಿ, ಅಕ್ಕಪಕ್ಕದ ಭಾಗ ಸುಡದೆ ಇರ್ಲಿ ಅಂತ. 97.2 ಸಿಸಿ ಇಂಜಿನ್ನಿಗೆ ಅದರಿಂದ ಪೆಟ್ರೋಲ್ ಉಳಿಯಲ್ಲ. ಡಬ್ಬೀಲಿ ಬರೋದು ನಿಜವಾಗ್ಲೂ ಸಿಲಿಕೋನ್ ರಾಳಕ್ಕೆ ಸೆರಾಮಿಕ್ ಪುಡಿ ಸೇರ್ಸಿರೋ ಪೇಂಟು, ತುಕ್ಕು ತಡೆಯುತ್ತೆ, ಕಪ್ಪಗೆ ಚೆನ್ನಾಗಿ ಕಾಣುತ್ತೆ, ಅಷ್ಟು ಸಾಕಾದ್ರೆ ಹೊಡೀರಿ. ಕಾರ್ ಪಾಲಿಶ್ ಮಾಡೋ ಡೀಟೇಲಿಂಗ್ ಅಂಗಡೀಲಿ ಕಾರಿನ ಬಾಡಿ ಮೇಲೆ ಹಚ್ಚೋ ಸಣ್ಣ ಬಾಟ್ಲಿ ಸೆರಾಮಿಕ್ ಇನ್ನೊಂದೇ ಸಾಮಾನು, ಅದನ್ನ ಸೈಲೆನ್ಸರ್‌ಗೆ ಹಚ್ಬೇಡಿ.

ಡಬ್ಬಿ ಯಾವ ಕಂಪನೀದು ಅನ್ನೋದಕ್ಕಿಂತ ಕೆಳಗಿನ ಲೋಹ ಹೆಂಗಿದೆ ಅನ್ನೋದೇ ಮುಖ್ಯ. ನುಣುಪಾದ ಕ್ರೋಮ್ ಮೇಲೆ ಯಾವ ಪೇಂಟೂ ನಿಲ್ಲಲ್ಲ. ಹಂಗಂತ ಆಸಿಡ್ ತಂದು ಮನೆ ಹಿತ್ತಲಲ್ಲಿ ಕ್ರೋಮ್ ತೆಗೆಯೋಕೆ ಹೋಗ್ಬೇಡಿ, ಅದು ವಿಷ, ಚರಂಡಿಗೂ ವಿಷ. ಬ್ಲಾಸ್ಟಿಂಗ್, ಅಂದ್ರೆ ಗಾಳಿ ಒತ್ತಡದಲ್ಲಿ ಗಟ್ಟಿ ಕಣ ಹೊಡೆದು ಕ್ಲೀನ್ ಮಾಡೋರ ಹತ್ರ ಕೊಡಿ, ಅಲ್ಯೂಮಿನಿಯಂ ಆಕ್ಸೈಡ್ ಪುಡೀಲಿ ಹೊಡ್ಸಿ, ಮಾಮೂಲಿ ಮರಳಲ್ಲಿ ಬೇಡ, ಆ ಧೂಳು ಕುಡಿದೋರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರುತ್ತೆ. ಕೊಡೋಕೆ ಮುಂಚೆ ಪೈಪಿನ ಎರಡೂ ಬಾಯಿ ಗಟ್ಟಿಯಾಗಿ ಮುಚ್ಚಿ, ಒಳಗೆ ಕಣ ಸೇರಿದ್ರೆ ತೆಗೆಯೋಕಾಗಲ್ಲ. ಬಂದ್ಮೇಲೆ ಗ್ಲೌಸ್ ಹಾಕ್ಕೊಂಡು ಅಸಿಟೋನಲ್ಲಿ ಒರೆಸಿ, ಬರಿಗೈಲಿ ಮುಟ್ಟಿದ್ರೆ ಬೆರಳಿನ ಜಿಡ್ಡು ಕೂತ ಕಡೆ ಪೇಂಟ್ ಏಳುತ್ತೆ. ತೆಳ್ಳಗೆ ತೆಳ್ಳಗೆ ಹೊಡೀರಿ.

ಒಣಗಿದ್ರೆ ಆಗ್ಲಿಲ್ಲ, ಕಾಯಿಸ್ಬೇಕು. ಕೆಲವು ಡಬ್ಬಿ ಮೇಲೆ ಓವನ್ನಲ್ಲಿ ಅರ್ಧ ಅರ್ಧ ಗಂಟೆ 121, ಆಮೇಲೆ 204, ಆಮೇಲೆ 316 ಡಿಗ್ರಿ, ಮಧ್ಯೆ ಮಧ್ಯೆ ತಣ್ಣಗಾಗೋಕೆ ಬಿಡಿ ಅಂತ ಇರುತ್ತೆ. ಮನೇಲಿ ಕೇಕ್ ಮಾಡೋ ಓಟಿಜಿ ಓವನ್ 250ಕ್ಕೇ ಸುಸ್ತು, ಸೈಲೆನ್ಸರ್ ಅದರೊಳಗೆ ಹಿಡಿಯೋದೂ ಇಲ್ಲ, ಆಮೇಲೆ ಆ ಓವನ್ನಲ್ಲಿ ಮನೆಯೋರು ಕೇಕ್ ಮಾಡಿದ್ರೆ ತಿನ್ನೋರ್ಯಾರು. ಪೈಪ್ ಫಿಟ್ ಮಾಡಿ ಗಾಡೀಲೇ ಕಾಯಿಸಿ: ಹತ್ತು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ ಇಪ್ಪತ್ತು ನಿಮಿಷ ತಣ್ಣಗಾಗ್ಲಿ, ಮತ್ತೆ ಇಪ್ಪತ್ತು ನಿಮಿಷ ಐಡಲ್, ಮತ್ತೆ ಇಪ್ಪತ್ತು ನಿಮಿಷ ಬಿಡಿ, ಆಮೇಲೆ ಅರ್ಧ ಗಂಟೆ ನಿಧಾನಕ್ಕೆ ಒಂದು ರೌಂಡ್. ನಿಮ್ಮ ಡಬ್ಬೀಲಿ ಬೇರೆ ಥರ ಬರೆದಿದ್ರೆ ಅದರಂತೇ ಮಾಡಿ. ಹೊಗೆ ಬರುತ್ತೆ, ವಾಸ್ನೆ ಬರುತ್ತೆ, ಬಯಲಲ್ಲಿ ಮಾಡಿ, ಶೆಡ್ ಬಾಗ್ಲು ಹಾಕ್ಕೊಂಡು ಇಂಜಿನ್ ಓಡ್ಸಿದ್ರೆ ಜೀವಕ್ಕೇ ಅಪಾಯ.

ವಾಪಸ್ ಕೂರ್ಸೋವಾಗ ಹಳೇ ಸೈಲೆನ್ಸರ್ ಪ್ಯಾಕಿಂಗ್ ಎಸೆದು ಹೊಸದು ಹಾಕಿ, ಸ್ಟಡ್ ಥ್ರೆಡ್ಡಿಗೆ ಕಾಪರ್ ಗ್ರೀಸ್ ಸವರಿ, ಎರಡು ನಟ್ಟೂ ಸಮ ಸಮ ಟೈಟ್ ಮಾಡಿ. ಮೊದಲ ರೌಂಡ್ ಮುಗಿಸಿ ಇಂಜಿನ್ ತಣ್ಣಗಾದ್ಮೇಲೆ ಇನ್ನೊಂದ್ಸಲ ಸ್ಪ್ಯಾನರ್ ಹಾಕಿ ನೋಡಿ, ಹೊಸ ಪ್ಯಾಕಿಂಗ್ ಒತ್ಕೊಂಡು ನಟ್ಟು ಸಡಿಲ ಆಗಿರುತ್ತೆ. ಮತ್ತೆ ಸುಡೋ ಸೈಲೆನ್ಸರ್ ಮೇಲೆ ನಾಲೆ ನೀರು ಎರಚೋದು ನಿಲ್ಸಿ, ಮನೇಲಿ ಅಪ್ಪ ಇದ್ರೆ ಅವರಿಗೂ ಹೇಳಿ, ಕೇಳಲ್ಲ, ಆದ್ರೂ ಹೇಳಿ.