ತರಬೇತುದಾರರೂ ಬೇಡ, ಕೋರ್ಸೂ ಬೇಡ. ಮೊದಲು ಕೂಲಿಯ ಲೆಕ್ಕ ತೆಗೆಯಿರಿ

ಹುಬ್ಬಳ್ಳಿಯ ತಾರಿಹಾಳದಲ್ಲಿ ನಿಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಘಟಕ, ಹದಿನಾಲ್ಕು ಜನ ಕೆಲಸಗಾರರು. ಹೇಳಿದಷ್ಟು ಮಾಡುತ್ತಾರೆ, ಮುಂದಕ್ಕೆ ಒಂದು ಮಾತಿಲ್ಲ. ಗ್ರಾಹಕರು ಬೇಡವೆಂದು ವಾಪಸು ಕಳುಹಿಸುವ ಮಾಲು ಮಾತ್ರ ಹೆಚ್ಚುತ್ತಿದೆ. ಇವರಿಗೆ ಉತ್ಸಾಹ ತುಂಬಲು ತರಬೇತುದಾರರನ್ನು ಕರೆಸಲೇ, ಅದೇ ದುಡ್ಡಿನಲ್ಲಿ ನಾನೇ ಒಂದು ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಲೇ ಎಂದು ಕೇಳಿದ್ದೀರಿ. ನಾನು ಒಂದೇ ವರ್ಷದಲ್ಲಿ ತರಬೇತಿ, ಸ್ವಂತ ಓದು ಎರಡನ್ನೂ ಮಾಡಿದವನು. ಅದೇ ವರ್ಷ ಮೂರು ಲಕ್ಷಕ್ಕೂ ಮೇಲೆ ಕಳೆದುಕೊಂಡವನೂ ಹೌದು.

ಗದಗಿನಲ್ಲಿ ನಮ್ಮದೊಂದು ಆಫ್‌ಸೆಟ್ ಪ್ರೆಸ್. ಅಪ್ಪ ಬೇರೆಯವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಆಮೇಲೆ ಹಳೆಯ ಟ್ರೆಡಲ್ ಮುದ್ರಣ ಯಂತ್ರವೊಂದನ್ನು ಕೊಂಡು ಮದುವೆಯ ಪತ್ರಿಕೆ, ರಸೀದಿ ಪುಸ್ತಕ ಅಚ್ಚು ಹಾಕಲು ಶುರು ಮಾಡಿದರು. ಊರಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಆ ಹೆಸರಿಗೆ ತಕ್ಕ ಪೈಪೋಟಿಯೂ ಇದೆ. ಇಲ್ಲಿ ಉದ್ಯಮದ ಮಾತು ಬಂದರೆ ಸಾಕು, ವಿಆರ್‌ಎಲ್ ಸಾರಿಗೆ ಸಂಸ್ಥೆ ಕಟ್ಟಿದ ವಿಜಯ ಸಂಕೇಶ್ವರರ ಹೆಸರು ಬಂದೇ ಬರುತ್ತದೆ. ಮುದ್ರಣದ ಮನೆತನದವರು, 1976ರಲ್ಲಿ ಒಂದೇ ಲಾರಿಯಿಂದ ಹೊರಟವರು. ಹೆಮ್ಮೆಯ ಕಥೆಯೇ, ನನ್ನ ತಕರಾರಿಲ್ಲ. ಆದರೆ ಚಹಾದಂಗಡಿಯಲ್ಲಿ ಅದನ್ನು ಕೇಳಿ ಕೇಳಿ ನನ್ನ ತಲೆಯಲ್ಲಿ ಉಳಿದದ್ದು, ಮಾಲಕನೊಬ್ಬ ಓದಿಕೊಂಡು ಧೈರ್ಯ ಮಾಡಿದರೆ ಮುಗಿಯಿತು, ಉಳಿದವರು ಹಿಂದೆ ಬರುತ್ತಾರೆ ಎಂಬುದಷ್ಟೇ.

ತರಬೇತಿ ನಡೆದದ್ದು ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ. ಊಟ ಚೆನ್ನಾಗಿತ್ತು. ಅಲ್ಲಿಂದ ನಾನು ಹೊತ್ತು ತಂದದ್ದು ಬೀಗ ಹಾಕಿದ ಸಲಹಾ ಪೆಟ್ಟಿಗೆ, ತಿಂಗಳ ಉತ್ತಮ ಕೆಲಸಗಾರನ ಫೋಟೊ ಹಾಕುವ ಚೌಕಟ್ಟು, ಹುಟ್ಟುಹಬ್ಬಕ್ಕೆ ಕೇಕ್ ತರಿಸುವ ಪದ್ಧತಿ. ಅವುಗಳ ಜೊತೆಗೆ ‘ಕಾಯಕವೇ ಕೈಲಾಸ’ ಎಂಬ ಫಲಕವನ್ನೂ ಯಂತ್ರದ ಎದುರಿಗೆ ತೂಗುಹಾಕಿದೆ. ಕೇಕನ್ನು ಎಲ್ಲರೂ ತಿಂದರು. ಪೆಟ್ಟಿಗೆ ತೆರೆದಾಗ ಸಿಕ್ಕ ಚೀಟಿಯಲ್ಲಿ ಬೈಂಡಿಂಗ್ ಕೋಣೆಯ ಫ್ಯಾನ್ ರಿಪೇರಿ ಮಾಡಿಸಿ ಎಂದಿತ್ತು. ನನಗೆ ಬೇಸರವಾಯಿತು. ಇಷ್ಟೆಲ್ಲ ಮಾಡಿದರೂ ದೊಡ್ಡ ವಿಚಾರ ಒಂದೂ ಬರಲಿಲ್ಲವಲ್ಲ ಎಂದುಕೊಂಡೆ. ಫ್ಯಾನನ್ನೂ ಆಗ ರಿಪೇರಿ ಮಾಡಿಸಲಿಲ್ಲ.

ಓದಿನ ವಿಷಯದಲ್ಲಿ ಮಾತ್ರ ನಾನು ಪ್ರಾಮಾಣಿಕನಾಗಿದ್ದೆ. ರಾತ್ರಿ ಊಟವಾದ ಮೇಲೆ ಕುಳಿತು ಶಾಯಿ ಮತ್ತು ನೀರಿನ ಸಮತೋಲ, ಪ್ಲೇಟ್ ಎಂಬ ಅಚ್ಚಿನ ತಗಡು, ಕಾಗದ ಎಂದು ಸಿಕ್ಕಿದ್ದನ್ನೆಲ್ಲ ಓದಿದೆ, ವಿಡಿಯೊ ನೋಡಿದೆ. ಅದರಿಂದ ನಿಜವಾಗಿ ಲಾಭವಾಯಿತು, ಮುದ್ರಣದಲ್ಲಿ ಹಾಳಾಗುವ ಹಾಳೆ ಕಡಿಮೆಯಾದವು. ಪ್ರೆಸ್ಸಿನಲ್ಲಿ ನನಗೆ ‘ಓದಿಕೊಂಡವರು’ ಎಂಬ ಹೆಸರು ಬಿತ್ತು. ಮುಂದೆ ನನ್ನನ್ನು ಮುಳುಗಿಸಿದ್ದು ಅದೇ ಹೆಸರು.

ಈಗ ಹೇಳುವುದು ಸ್ವಲ್ಪ ಉದ್ದವಾಗುತ್ತದೆ. ಮುದ್ರಣ ಗೊತ್ತಿಲ್ಲದವರಿಗೆ ಬೇಜಾರಾಗಬಹುದು, ಆದರೆ ನೀವೂ ಕಾಗದದವರೇ ಆದ್ದರಿಂದ ಹೇಳುತ್ತೇನೆ. ಗಿರಣಿಯಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಇದಕ್ಕೆ ಗ್ರೇನ್ ಎನ್ನುತ್ತೇವೆ. ಕಾಗದ ತೇವ ಹೀರಿದಾಗ ನಾರಿನ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಆಫ್‌ಸೆಟ್ಟಿನಲ್ಲಿ ಶಾಯಿಯ ಜೊತೆ ನೀರೂ ಇರುತ್ತದೆ. ನಮ್ಮದು ಎರಡು ಬಣ್ಣದ ಯಂತ್ರ. ನಾಲ್ಕು ಬಣ್ಣದ ಕೆಲಸವಾದರೆ ಹಾಳೆ ಎರಡು ಸಲ ಒಳಗೆ ಹೋಗಿ ಬರಬೇಕು. ಮೊದಲ ಸಲ ಹೋಗಿ ಬಂದ ಹಾಳೆ ಒಂದಿಷ್ಟು ಹಿಗ್ಗಿತೆಂದರೆ ಎರಡನೆಯ ಸಲದ ಬಣ್ಣಗಳು ಮೊದಲಿನವುಗಳ ಮೇಲೆ ಸರಿಯಾಗಿ ಕೂರುವುದಿಲ್ಲ, ಮುಖದ ಪಕ್ಕದಲ್ಲಿ ಇನ್ನೊಂದು ತುಟಿ ಮೂಡುತ್ತದೆ. ನಾರು ಯಂತ್ರದ ಸಿಲಿಂಡರಿನ, ಅಂದರೆ ಅಚ್ಚೊತ್ತುವ ಉರುಳೆಯ, ಉದ್ದಕ್ಕೆ ಇದ್ದರೆ ಹಿಗ್ಗುವಿಕೆ ಸಿಲಿಂಡರಿನ ಸುತ್ತಳತೆಯ ಕಡೆಗೆ ಬೀಳುತ್ತದೆ. ಪ್ಲೇಟಿನ ಕೆಳಗಿನ ಪ್ಯಾಕಿಂಗ್ ಹೆಚ್ಚು ಕಡಿಮೆ ಮಾಡಿ ಅದನ್ನು ತಕ್ಕಮಟ್ಟಿಗೆ ಸರಿದೂಗಿಸಬಹುದು. ಹಾಳೆಯ ಉದ್ದದ ಬದಿ ಸಿಲಿಂಡರಿನ ಉದ್ದಕ್ಕೆ ಕೂರುವುದರಿಂದ 20×30 ಇಂಚಿನ ಹಾಳೆಯಲ್ಲಿ ನಾರು 30 ಇಂಚಿನ ಕಡೆಗೆ ಓಡಿದ್ದರೆ ಬಣ್ಣದ ಕೆಲಸಕ್ಕೆ ಒಳ್ಳೆಯದು. ನಾನು ಓದಿದ್ದು ಇದು. ಸುಳ್ಳಲ್ಲ, ಇವತ್ತಿಗೂ ನಿಜ.

ಆಗ ಒಬ್ಬ ಹಿರಿಯರ ಅಭಿನಂದನ ಗ್ರಂಥದ ಕೆಲಸ ಬಂತು. ಕ್ರೌನ್ ಕಾಲು ಅಳತೆ (ಸುಮಾರು ಏಳೂವರೆ ಇಂಚು ಅಗಲ, ಹತ್ತು ಇಂಚು ಎತ್ತರದ ಪುಟ), ಆರ್ಟ್ ಪೇಪರ್, ಗಟ್ಟಿ ರಟ್ಟಿನ ಬೈಂಡಿಂಗ್, ಉದ್ದಕ್ಕೂ ಬಣ್ಣದ ಚಿತ್ರಗಳು. ಬಿಡುಗಡೆ ಶ್ರಾವಣದಲ್ಲಿ. ಸದಾ ಕಾಗದ ತರಿಸುವ ವ್ಯಾಪಾರಿಯನ್ನು ಬಿಟ್ಟು, ಹುಬ್ಬಳ್ಳಿಯಲ್ಲಿ ಅಗ್ಗಕ್ಕೆ ಸಿಕ್ಕ ಇನ್ನೊಂದು ಲಾಟನ್ನು ನಾನೇ ಆರಿಸಿದೆ. ನಾರು 30 ಇಂಚಿನ ಕಡೆಗೆ, ಬೆಲೆಯಲ್ಲಿ 18,000 ರೂಪಾಯಿ ಉಳಿತಾಯ. ಮುದ್ರಣ ಚಿನ್ನದಂತೆ ಬಂತು. ಮಷಿನ್‌ಮನ್‌ಗೆ ಬಹಳ ಖುಷಿ. ಆ ತಿಂಗಳ ಚೌಕಟ್ಟಿನಲ್ಲಿ ಅವನದೇ ಫೋಟೊ.

ನಾನು ಓದದೆ ಬಿಟ್ಟದ್ದು ಪುಸ್ತಕದ ಬೆನ್ನಿನ, ಅಂದರೆ ಪುಟಗಳನ್ನು ಹೊಲಿಯುವ ಬದಿಯ, ಸಂಗತಿ. 20×30ರ ಹಾಳೆಯನ್ನು ಮಡಿಸಿ ಕ್ರೌನ್ ಕಾಲು ಪುಟ ಮಾಡಿದಾಗ ಬೆನ್ನು 20 ಇಂಚಿನ ಅಂಚಿಗೆ ಸಮಾನಾಂತರವಾಗಿ ಬೀಳುತ್ತದೆ. ನಾರು ಯಾವಾಗಲೂ ಬೆನ್ನಿನ ಉದ್ದಕ್ಕೇ ಓಡಬೇಕು. ನನ್ನ ಲಾಟಿನಲ್ಲಿ ಅದು ಬೆನ್ನಿಗೆ ಅಡ್ಡ ಓಡಿತ್ತು. ಅಡ್ಡ ನಾರಿನ ಮೇಲೆ ಮಡಿಕೆ ಹಾಕಿದರೆ ಆರ್ಟ್ ಪೇಪರಿನ ಹೊಳಪಿನ ಪದರ ಬಿರಿಯುತ್ತದೆ. ಬೆನ್ನಿಗೆ ನೀರಿನ ಅಂಶವಿರುವ ಅಂಟು ಹಚ್ಚಿದಾಗ ಹಾಳೆ ಬೆನ್ನಿನ ಉದ್ದಕ್ಕೆ ಹಿಗ್ಗಲು ನೋಡುತ್ತದೆ. ಹೊಲಿಗೆ ಹಿಡಿದುಕೊಂಡಿರುವುದರಿಂದ ಜಾಗ ಸಿಗದೆ ಅಲೆ ಅಲೆಯಾಗಿ ಏಳುತ್ತದೆ. ಮಳೆಗಾಲದ ಥಂಡಿ ಅದಕ್ಕೆ ಇನ್ನಷ್ಟು ಕೂಡಿಕೊಂಡಿತು. ಬಿಡುಗಡೆಯ ಹೊತ್ತಿಗೆ ಗ್ರಂಥ ತೆರೆದರೆ ತೆರೆದಂತೆ ನಿಲ್ಲುತ್ತಿರಲಿಲ್ಲ, ಮುಚ್ಚಿದರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಸಮಿತಿಯವರು ವೇದಿಕೆಗೆ ಬೇಕಾದಷ್ಟು ಪ್ರತಿ ಇಟ್ಟುಕೊಂಡು ಉಳಿದದ್ದನ್ನು ವಾಪಸು ಕಳುಹಿಸಿದರು. ಕಾಗದ, ಪ್ಲೇಟ್, ಕೂಲಿ ಎಲ್ಲವನ್ನೂ ಕೈಯಿಂದ ಹಾಕಿ ಮತ್ತೆ ಅಚ್ಚು ಹಾಕಿದೆ. ಅವರ ಕಡೆಯಿಂದ ಪ್ರತಿ ವರ್ಷ ಬರುತ್ತಿದ್ದ ಕ್ಯಾಲೆಂಡರಿನ ಕೆಲಸವೂ ಹೋಯಿತು.

ಬೈಂಡಿಂಗ್ ವಿಭಾಗದಲ್ಲಿ ಬೆಟಗೇರಿಯಿಂದ ಬರುವ ಒಬ್ಬ ಅಕ್ಕ ಇದ್ದಾರೆ, ಅಪ್ಪನ ಕಾಲದಿಂದ ಫಾರ್ಮು, ಅಂದರೆ ಅಚ್ಚಾದ ಹಾಳೆ, ಮಡಿಸುವವರು. ಇಷ್ಟೆಲ್ಲ ಆದ ಮೇಲೆ ಕೇಳಿದೆ, ನಿಮಗೆ ಮೊದಲೇ ಗೊತ್ತಾಗಲಿಲ್ಲವೇ ಎಂದು.

“ಮೊದಲ ಕಟ್ಟು ಮುಗಿಯುವ ಮುಂಚೆಯೇ ಗೊತ್ತಾಗಿತ್ತು, ತಮ್ಮಾ. ಮಡಿಕೆ ಕೂರುತ್ತಲೇ ಇರಲಿಲ್ಲ, ಎದ್ದು ಎದ್ದು ಬರುತ್ತಿತ್ತು. ಮೇಸ್ತ್ರಿಗೆ ಹೇಳಿದೆ. ಮಾಲಕರು ಓದಿಕೊಂಡು ತರಿಸಿದ ಕಾಗದ, ನಿನಗೇನು ತಿಳಿಯುತ್ತದೆ ಎಂದ.”

ಮತ್ತೆ ನನ್ನ ಬಳಿ ಏಕೆ ಬರಲಿಲ್ಲ ಎಂದೆ. ಅವರು ನನ್ನ ಮುಖ ನೋಡಿದ ರೀತಿಯಲ್ಲೇ ಉತ್ತರವಿತ್ತು. ಬೈಂಡಿಂಗಿನ ಹೆಣ್ಣುಮಕ್ಕಳಿಗೆ ನಾನು ಕೊಡುತ್ತಿದ್ದದ್ದು ಸಾವಿರ ಫಾರ್ಮಿಗೆ ಇಷ್ಟು ಎಂಬ ಕೂಲಿ. ಕೆಲಸ ಬಿಟ್ಟು ಎದ್ದು, ಅಂಗಳ ದಾಟಿ, ಗಾಜಿನ ಕೋಣೆಯ ಹೊರಗೆ ನನ್ನ ಫೋನ್ ಮಾತು ಮುಗಿಯುವ ತನಕ ನಿಂತು ಹೇಳಿ ಹೋಗುವಷ್ಟರಲ್ಲಿ ಅವರ ಆ ಹೊತ್ತಿನ ಕೂಲಿ ಹೋಗಿರುತ್ತಿತ್ತು. ಹೇಳಿದ್ದು ತಪ್ಪಾದರೆ ಬೈಗುಳ. ಸರಿಯಾದರೆ ಆ ಕೆಲಸವೇ ನಿಂತು ಆ ವಾರದ ಗಳಿಕೆ ಇಲ್ಲ. ಸುಮ್ಮನೆ ಮಡಿಸಿದರೆ ಮಾತ್ರ ಶನಿವಾರ ದುಡ್ಡು. ಇದನ್ನು ನಿರುತ್ಸಾಹ ಎಂದು ಕರೆದದ್ದು ನಾನು. ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು.

ನಿಮ್ಮ ಪ್ರಶ್ನೆಯನ್ನು ನಾನು ಒಪ್ಪದಿರುವುದು ಇಲ್ಲಿಯೇ. ಕೆಲಸಗಾರರನ್ನು ಹುರಿದುಂಬಿಸುವುದು ಒಂದು ಖರ್ಚು, ಮಾಲಕ ಕಲಿಯುವುದು ಇನ್ನೊಂದು ಖರ್ಚು, ಎರಡರಲ್ಲಿ ಯಾವುದಕ್ಕೆ ದುಡ್ಡು ಹಾಕಲಿ ಎಂದು ತೂಗುತ್ತಿದ್ದೀರಿ. ನನ್ನ ಕಲಿಕೆ ಅರ್ಧಕ್ಕೆ ನಿಂತದ್ದು ನಾನು ಕಡಿಮೆ ಓದಿದ್ದರಿಂದಲ್ಲ. ಉಳಿದರ್ಧ ಬೈಂಡಿಂಗ್ ಕೋಣೆಯಲ್ಲಿತ್ತು, ಅಲ್ಲಿಂದ ನನ್ನ ಮೇಜಿಗೆ ಬರುವ ದಾರಿಗೆ ನಾನೇ ಸುಂಕ ಹಾಕಿದ್ದೆ.

ಆಮೇಲೆ ಮಾಡಿದ್ದರಲ್ಲಿ ಮುಖ್ಯವಾದದ್ದು ಡಮ್ಮಿ. ಯಾವ ಪುಸ್ತಕದ ಕೆಲಸ ಬಂದರೂ, ಪ್ಲೇಟ್ ಮಾಡುವ ಮೊದಲು ಅದೇ ಲಾಟಿನ ಖಾಲಿ ಕಾಗದ ಬೈಂಡಿಂಗಿಗೆ ಹೋಗುತ್ತದೆ. ಅವರು ಮಡಿಸಿ, ಹೊಲಿದು, ಅಂಟು ಹಚ್ಚಿ, ಭಾರ ಹೇರಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ಆ ಅಕ್ಕ ಹೂಂ ಎಂದರೆ ಮಾತ್ರ ಮುಂದಿನ ಕೆಲಸ. ಈ ಹೊತ್ತಿಗೆ ಪ್ರತ್ಯೇಕ ಕೂಲಿ ಇದೆ. ಹಾಗೆಯೇ ಯಾರಾದರೂ ದೋಷ ಕಂಡು ಕೆಲಸ ನಿಲ್ಲಿಸಿದರೆ, ಅವರ ಅನುಮಾನ ಸುಳ್ಳಾಗಿದ್ದರೂ, ನಿಂತ ಹೊತ್ತಿಗೆ ಅವರ ದಿನದ ಸರಾಸರಿ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಇದನ್ನು ಕೇಳಿದ ನಮ್ಮ ಅಕೌಂಟೆಂಟ್, ಎಲ್ಲರೂ ಸುಮ್ಮಸುಮ್ಮನೆ ಕೆಲಸ ನಿಲ್ಲಿಸುತ್ತಾರೆ ನೋಡಿ ಎಂದು ಹೆದರಿಸಿದರು. ಯಾರೂ ನಿಲ್ಲಿಸಲಿಲ್ಲ. ಸಲಹಾ ಪೆಟ್ಟಿಗೆಯನ್ನು ಗುಜರಿಗೆ ಹಾಕಿದೆ. ಫ್ಯಾನ್ ರಿಪೇರಿಯಾಯಿತು.

ಓದು ಬಿಡಿ ಎಂದು ನಾನು ಹೇಳುತ್ತಿಲ್ಲ. ಪೆಟ್ಟು ತಿಂದ ಮೇಲೆಯೇ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಬಗ್ಗೆ ಓದಿದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ, 1950ರಲ್ಲಿ ಜಪಾನಿನ ಉದ್ಯಮಿಗಳಿಗೂ ಎಂಜಿನಿಯರುಗಳಿಗೂ ಗುಣಮಟ್ಟದ ಪಾಠ ಹೇಳಿದವರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಪ್ರಶಸ್ತಿ ಹುಟ್ಟಿತು. ಅವರ ಹದಿನಾಲ್ಕು ಸೂತ್ರಗಳಲ್ಲಿ ಎಂಟನೆಯದು ಕೆಲಸದ ಜಾಗದಿಂದ ಭಯವನ್ನು ಹೊರಗೆ ಹಾಕಿ ಎನ್ನುತ್ತದೆ. ಹತ್ತನೆಯದು ಘೋಷಣೆಗಳನ್ನು ಕಿತ್ತುಹಾಕಿ ಎನ್ನುತ್ತದೆ; ಓದುವಾಗ ನನ್ನ ಫಲಕ ನೆನಪಾಗಿ ನಾಚಿಕೆಯಾಯಿತು. ಹನ್ನೊಂದನೆಯದು ಎಣಿಕೆಯ ಗುರಿ ಕೊಟ್ಟು ದುಡಿಸುವುದರ ವಿರುದ್ಧ, ಹದಿಮೂರನೆಯದು ಎಲ್ಲರ ಸ್ವಶಿಕ್ಷಣದ ಪರ. ನೀವು ಬೇರೆ ಬೇರೆ ಮಾಡಿ ಕೇಳಿದ ಎರಡು ಸಂಗತಿಗಳು ಆ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲೇ ಕುಳಿತಿವೆ. ಟೊಯೋಟಾದಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಉತ್ಪಾದನೆಯ ಸಾಲನ್ನೇ ನಿಲ್ಲಿಸಬಹುದು ಎಂಬುದನ್ನು ತರಬೇತಿಗಳಲ್ಲಿ ಬಾಯಿ ತುಂಬ ಹೇಳುತ್ತಾರೆ. ಹಗ್ಗ ಕಟ್ಟುವುದು ಸುಲಭ. ಎಳೆದವರ ಆ ದಿನದ ಗಳಿಕೆಗೆ ಕತ್ತರಿ ಬೀಳದಂತೆ ನೋಡಿಕೊಳ್ಳುವುದಕ್ಕೆ ಮಾಲಕನ ಜೇಬಿನಿಂದ ದುಡ್ಡು ಹೋಗುತ್ತದೆ.

ಕಲಿಸಿದರೆ ಬಿಟ್ಟು ಹೋಗುತ್ತಾರೆ ಎಂದೂ ಬರೆದಿದ್ದೀರಿ. ಹೋಗುತ್ತಾರೆ. ನಮ್ಮ ಮಷಿನ್‌ಮನ್ ಹೋದ, ಈಗ ಎರಡು ಓಣಿ ಆಚೆ ಅವನದೇ ಸಣ್ಣ ಪ್ರೆಸ್ ಇದೆ. ಕೆಲಸ ಹೆಚ್ಚಾದಾಗ ನಾನೇ ಅವನಿಗೆ ಕಳುಹಿಸುತ್ತೇನೆ. ನನ್ನ ಅಪ್ಪ ಒಬ್ಬರ ಬಳಿ ಕಲಿತು ಹೊರಬಿದ್ದವರೇ. ಮೊಳೆ ಜೋಡಿಸುವುದನ್ನು ಆ ಮಾಲಕರು ಬಚ್ಚಿಟ್ಟುಕೊಂಡಿದ್ದರೆ ನಾನು ಇಲ್ಲಿ ಕುಳಿತು ನಿಮಗೆ ಉಪದೇಶ ಮಾಡುತ್ತಿರಲಿಲ್ಲ. ಇನ್ನೊಂದು ಸಣ್ಣ ಮಾತು: ಹತ್ತಕ್ಕಿಂತ ಹೆಚ್ಚು ಜನರಿದ್ದಾರೆ, ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಕೂಲಿ ಪಡೆಯುವವರಿಗೆ ನಿಮ್ಮ ಪಾಲು 3.25 ಶೇಕಡ, ಅವರದು 0.75. ಅದನ್ನು ಕಟ್ಟದೆ ಸ್ಫೂರ್ತಿಯ ಭಾಷಣ ಮಾಡಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ನಂಬುವುದಿಲ್ಲ.

ನಿಮ್ಮ ಪೆಟ್ಟಿಗೆಗಳು ಏಕೆ ವಾಪಸು ಬರುತ್ತಿವೆಯೋ ನಾನು ಇಲ್ಲಿಂದ ಹೇಳಲಾರೆ. ರಟ್ಟಿನ ಒಳಗಿನ ಸುಕ್ಕು ಪದರ ನಿಲುವಾಗಿ ಬರಬೇಕಾದಲ್ಲಿ ಅಡ್ಡ ಕತ್ತರಿಸಿದ್ದೀರೋ, ಅಂಟು ಒಣಗುವ ಮೊದಲೇ ಕಟ್ಟು ಕಟ್ಟಿ ಲಾರಿಗೆ ಹಾಕುತ್ತಿದ್ದೀರೋ, ಕ್ರಾಫ್ಟ್ ಕಾಗದವೇ ಕಳಪೆಯೋ, ಅಂಟು ಹಚ್ಚುವವರಿಗೂ ಪಿನ್ ಹೊಡೆಯುವವರಿಗೂ ಖಂಡಿತ ಗೊತ್ತಿರುತ್ತದೆ. ತರಬೇತುದಾರರಿಗೆ ಮುಂಗಡ ಕೊಟ್ಟಿದ್ದರೆ ವಾಪಸು ಕೇಳಿ. ಇಷ್ಟು ಉದ್ದದ ಪ್ರಶ್ನೆಯಲ್ಲಿ ನಿಮ್ಮ ಕೆಲಸಗಾರರಿಗೆ ದಿನದ ಸಂಬಳವೋ, ನೂರು ಪೆಟ್ಟಿಗೆಗೆ ಇಷ್ಟು ಎಂಬ ಕೂಲಿಯೋ ಎಂಬುದನ್ನು ಮಾತ್ರ ನೀವು ಬರೆದಿಲ್ಲ. ಅದನ್ನು ಬರೆಯಿರಿ, ಉಳಿದದ್ದನ್ನು ಆಮೇಲೆ ಮಾತನಾಡೋಣ.