ಅರಳಿ ಮರಕ್ಕೂ ಬೆಳಕು ಬೇಕು

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರಳಿ ಮರದ್ದು ಪ್ರತಿ ಸಲವೂ ಇದ್ದೇ ಇರುತ್ತದೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಿದರೆ ಮುಂದಿನ ಸಲ ಮತ್ತೆ ಬರುತ್ತದೆ. ಆದ್ದರಿಂದ ಈ ಬಾರಿ ಉಳಿದವರ ಜಾಗವನ್ನೂ ಬಹುಪಾಲು ಇದಕ್ಕೇ ಕೊಡುತ್ತಿದ್ದೇನೆ. ದ್ಯುತಿಸಂಶ್ಲೇಷಣೆ ಎಂದರೇನು ಎಂದು ವಿವರಿಸುವುದಿಲ್ಲ. ಅದನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೀರಿ.

ಅರಳಿ ಮರ ಹಗಲೂ ರಾತ್ರಿಯೂ ಆಮ್ಲಜನಕ ಬಿಡುತ್ತದೆ, ಅದಕ್ಕೇ ಹಿರಿಯರು ಊರೂರಿಗೆ ಅಶ್ವತ್ಥಕಟ್ಟೆ ಕಟ್ಟಿಸಿದರು ಎನ್ನುತ್ತಾರೆ. ನರ್ಸರಿಯವರು ಮಲಗುವ ಕೋಣೆಗೆಂದು ‘ಆಕ್ಸಿಜನ್ ಗಿಡ’ಗಳನ್ನೂ ಮಾರುತ್ತಿದ್ದಾರೆ. ಇದು ನಿಜವೇ?

ನಿಜವಲ್ಲ. ಗಿಡ ಹೊರಬಿಡುವ ಆಮ್ಲಜನಕ ಬರುವುದು ನೀರಿನಿಂದ, ಇಂಗಾಲದ ಡೈಆಕ್ಸೈಡಿನಿಂದಲ್ಲ. ಅಮೆರಿಕದ ವಿಜ್ಞಾನಿಗಳಾದ ರೂಬೆನ್, ಕೇಮೆನ್ ಮತ್ತು ಅವರ ಸಂಗಡಿಗರು ಆಮ್ಲಜನಕದ ಭಾರವಾದ ಐಸೊಟೋಪನ್ನು (ಅದೇ ಧಾತುವಿನ ಹೆಚ್ಚು ತೂಕದ ಪರಮಾಣುವನ್ನು) ಬಳಸಿ 1941ರಲ್ಲೇ ಇದನ್ನು ತೋರಿಸಿದರು. ಎಲೆಯೊಳಗೆ ನೀರನ್ನು ಒಡೆಯುವ ಶಕ್ತಿ ಬೆಳಕಿನದು. ಬೆಳಕಿಲ್ಲದಿದ್ದರೆ ನೀರು ಒಡೆಯುವುದಿಲ್ಲ, ನೀರು ಒಡೆಯದಿದ್ದರೆ ಆಮ್ಲಜನಕವೂ ಇಲ್ಲ. ಅರಳಿ, ಆಲ, ಬೇವು, ತುಳಸಿ, ಯಾವುದಕ್ಕೂ ಇದರಿಂದ ವಿನಾಯಿತಿ ಸಿಕ್ಕಿಲ್ಲ. ರಾತ್ರಿಯಲ್ಲಿ ಅರಳಿ ಮರ ನಮ್ಮಂತೆಯೇ ಆಮ್ಲಜನಕವನ್ನು ಒಳಗೆಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ.

ಬೆಳದಿಂಗಳಿನಲ್ಲಿ ಆಗಬಹುದಲ್ಲ ಎಂದು ಒಬ್ಬರು ಕೇಳಿದ್ದಾರೆ. ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಅಷ್ಟರಿಂದ ಎಲೆಯ ಉಸಿರಾಟದ ಖರ್ಚೂ ಹುಟ್ಟುವುದಿಲ್ಲ.

ಈ ಸುಳ್ಳಿನ ಬುಡದಲ್ಲಿ ಒಂದು ನಿಜವಿದೆ. ಅದನ್ನು ಅರೆಬರೆ ಓದಿದವರೇ ಹೆಚ್ಚು ಗೊಂದಲ ಹಬ್ಬಿಸುತ್ತಿರುವುದರಿಂದ ಪೂರ್ತಿ ಹೇಳುತ್ತೇನೆ. ಪಾಪಸುಕಳ್ಳಿ, ಭೂತಾಳೆ, ಅನಾನಸ್, ಲೋಳೆಸರದಂತಹ ಗಿಡಗಳು ನೀರು ಉಳಿಸಲು ಹಗಲಿನಲ್ಲಿ ಗಾಳಿ ಆಡುವ ಸಣ್ಣ ತೂತುಗಳಾದ ಪತ್ರರಂಧ್ರಗಳನ್ನು ಬಹುಮಟ್ಟಿಗೆ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಅದರಿಂದ ಸಕ್ಕರೆ ತಯಾರಿಸುತ್ತವೆ. ಇದನ್ನು ಮೊದಮೊದಲು ಗಮನಿಸಿದವರಲ್ಲಿ ಒಬ್ಬನಿಗೆ ನಮ್ಮ ಬೆಂಗಳೂರಿನ ನಂಟಿದೆ. ಲಾಲ್‌ಬಾಗಿನ ಹೊಣೆಯನ್ನು ಕೆಲಕಾಲ ಹೊತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಬೆಳಿಗ್ಗೆ ತುಂಬ ಹುಳಿಯಾಗಿರುತ್ತದೆ, ಹೊತ್ತು ಏರಿದಂತೆ ಹುಳಿ ಇಳಿಯುತ್ತದೆ ಎಂದು ಬರೆದ. ಅದು 1815ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ನಾಲಗೆಯಿಂದಲೇ ನಡೆದ ಒಳ್ಳೆಯ ವಿಜ್ಞಾನ ಅದು.

ಆದರೆ ಗಮನಿಸಿ: ಈ ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ, ಅಷ್ಟೇ. ಆಮ್ಲಜನಕವನ್ನು ಬಿಡುವುದಿಲ್ಲ. ಇವೆರಡೂ ಒಂದೇ ಎಂದುಕೊಂಡದ್ದೇ ತಪ್ಪು. ಅರಳಿ ಆ ಗುಂಪಿಗೆ ಸೇರಿದೆ ಎಂದು ವಾದಿಸುವವರೂ ಇದ್ದಾರೆ. ಸೇರಿದ್ದರೂ ಉತ್ತರ ಬದಲಾಗುವುದಿಲ್ಲ.

ಇನ್ನು ಮಾರಾಟದ ಮಾತು. ‘ಆಕ್ಸಿಜನ್ ಗಿಡ’ವೆಂದು ದುಬಾರಿ ಬೆಲೆಗೆ ಮಾರುವ ಸ್ನೇಕ್ ಪ್ಲಾಂಟ್ ಇದೇ ಕಳ್ಳಿಯ ಕ್ರಮದಲ್ಲಿ ಬದುಕುವ ಗಿಡ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 550 ಲೀಟರ್ ಆಮ್ಲಜನಕ ಬೇಕು. ಕಿಟಕಿಯ ಬಳಿಯ ಕುಂಡದಲ್ಲಿ ನಿಧಾನವಾಗಿ ಬೆಳೆಯುವ ನಾಲ್ಕೆಂಟು ಎಲೆ ಅದರ ಸಣ್ಣ ಪಾಲನ್ನೂ ಕೊಡಲಾರದು. ‘ಗಿಡ ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತದೆಂದು ನಾಸಾ ಹೇಳಿದೆ’ ಎಂಬುದು ಅವರ ಕೊನೆಯ ಅಸ್ತ್ರ. 1989ರ ಆ ಅಧ್ಯಯನ ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅದು ಅಳೆದದ್ದು ಬೆಂಜೀನಿನಂತಹ ಆವಿಗಳನ್ನು, ರಾತ್ರಿಯ ಆಮ್ಲಜನಕವನ್ನಲ್ಲ. ಗಿಡ ಚೆಂದವೆನಿಸಿದರೆ ಧಾರಾಳವಾಗಿ ಕೊಳ್ಳಿ. ಕೋಣೆಯ ಗಾಳಿ ಶುದ್ಧವಾಗಬೇಕಾದರೆ ಕಿಟಕಿ ತೆರೆಯಿರಿ.

ಇದನ್ನೇ ತಿರುಗಿಸಿ, ರಾತ್ರಿ ಮರದ ಕೆಳಗೆ ಮಲಗಿದರೆ ಉಸಿರುಗಟ್ಟಿ ಸಾಯುತ್ತೇವೆಯೇ ಎಂದು ಕೇಳುವವರಿದ್ದಾರೆ. ಹುಣಸೆ ಮರಕ್ಕೆ ಈ ಅಪವಾದ ಬಹಳ ಹಳೆಯದು. ತೆರೆದ ಬಯಲಿನಲ್ಲಿ ಗಾಳಿ ಬೆರೆಯುತ್ತಲೇ ಇರುತ್ತದೆ, ಮರ ಬಿಡುವ ಇಂಗಾಲದ ಡೈಆಕ್ಸೈಡ್ ನಿಮ್ಮನ್ನು ಏನೂ ಮಾಡುವುದಿಲ್ಲ. ಆದರೂ ಮಲಗಬೇಡಿ. ಒಣಕೊಂಬೆ, ಹಾವು, ಮುಂಗಾರುಪೂರ್ವದ ಸಿಡಿಲು, ಈ ಮೂರಕ್ಕೆ ಹೆದರಬೇಕು.

ಇಷ್ಟು ಸಿಟ್ಟು ಏಕೆ ಎಂದು ಕೇಳಬಹುದು. ಕೋವಿಡ್ ಹಾವಳಿಯ ನಡುವೆ, 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಜನ ಸತ್ತರು. ಅದೇ ದಿನಗಳಲ್ಲಿ ಉತ್ತರ ಪ್ರದೇಶದಲ್ಲಿ ಉಸಿರಾಟದ ತೊಂದರೆಯಿದ್ದವರು ಅರಳಿ ಮರದ ಕೆಳಗೆ ಬಂದು ಮಲಗಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದವರನ್ನು ನಾನು ದೂರುವುದಿಲ್ಲ. ಅದಕ್ಕೆ ‘ವೈಜ್ಞಾನಿಕ ಕಾರಣ’ ಹೊಸೆದು ಮೊಬೈಲಿನಲ್ಲಿ ಹಂಚಿದವರನ್ನು ಕ್ಷಮಿಸಲಾರೆ. ಮರದ ಕೆಳಗಿನ ಗಾಳಿಯಲ್ಲೂ ಆಮ್ಲಜನಕ ಶೇ 21ರಷ್ಟೇ. ಶ್ವಾಸಕೋಶ ಸೋತವರಿಗೆ ಅದು ಸಾಲುವುದಿಲ್ಲ.

ಅಶ್ವತ್ಥಕಟ್ಟೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನೆರಳಿಗೆ, ಪಂಚಾಯಿತಿಗೆ, ಭಕ್ತಿಗೆ ಕಟ್ಟಿದ್ದಾರೆ, ಅಷ್ಟು ಸಾಕು. ಮರದ ನಿಜವಾದ ಮಹತ್ವ ಬೇರೆಯೇ ಇದೆ. ಅರಳಿಯ ಪರಾಗಸ್ಪರ್ಶಕ್ಕೆಂದೇ ಒಂದು ಪುಟ್ಟ ಕಣಜವಿದೆ. ಅದು ಕಾಯಿಯೊಳಗೇ ಹುಟ್ಟುತ್ತದೆ. ಆ ಕಣಜವಿಲ್ಲದೆ ಅರಳಿಗೆ ಬೀಜವಿಲ್ಲ, ಅರಳಿಯಿಲ್ಲದೆ ಕಣಜಕ್ಕೆ ಸಂತಾನವಿಲ್ಲ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಅರಳಿ, ಆಲ, ಅತ್ತಿಗಳಲ್ಲಿ ಎಲ್ಲಾದರೂ ಒಂದು ಹಣ್ಣು ಬಿಟ್ಟಿರುತ್ತದೆ. ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಬಾವಲಿ ಎಲ್ಲವೂ ಅಲ್ಲಿಗೆ ಬರುತ್ತವೆ. ರಸ್ತೆ ಅಗಲ ಮಾಡಲು ಇಂತಹ ಮರ ಕಡಿಯುವಾಗ ತಡೆಯಲು ಹೋಗುವವರು ಈ ಮಾತನ್ನು ಹೇಳಿ. ರಾತ್ರಿಯ ಆಮ್ಲಜನಕದ ಕತೆ ಹೇಳಿದರೆ ಎದುರಿನ ಎಂಜಿನಿಯರ್ ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಸುಮ್ಮನಾಗಿಸುತ್ತಾರೆ.

ಉತ್ತರಕ್ಕೆ ತಲೆ ಹಾಕಿ ಮಲಗಿದರೆ ರಕ್ತದಲ್ಲಿರುವ ಕಬ್ಬಿಣವನ್ನು ಭೂಮಿಯ ಅಯಸ್ಕಾಂತ ಎಳೆಯುತ್ತದೆಯೇ?

ಇಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ಬಲವಾದದ್ದು. ಅದರೊಳಗೆ ಮಲಗಿದವರ ರಕ್ತ ತಲೆಗೆ ಏರುವುದಿಲ್ಲ.

ಆಲ್ಕಲೈನ್ (ಕ್ಷಾರೀಯ) ನೀರು ಕುಡಿದರೆ ರಕ್ತದ ಆಮ್ಲೀಯತೆ ಇಳಿಯುತ್ತದೆಯೇ?

ಇಲ್ಲ. ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ಮೊದಲು ಎದುರುಗೊಳ್ಳುತ್ತದೆ. ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ) 7.35ರಿಂದ 7.45ರೊಳಗೆ ಇರುವಂತೆ ನೋಡಿಕೊಳ್ಳುವುದು ಶ್ವಾಸಕೋಶ ಮತ್ತು ಮೂತ್ರಪಿಂಡ. ಆಲ್ಕಲೈನ್ ನೀರು ಮಾಡುವ ಯಂತ್ರಕ್ಕೆ ಕಂತು ಕಟ್ಟಬೇಡಿ.

ಓಝೋನ್ ಪದರದ ರಂಧ್ರದಿಂದಲೇ ಭೂಮಿ ಬಿಸಿಯಾಗುತ್ತಿದೆಯಲ್ಲವೇ?

ಅಲ್ಲ. ಬಿಸಿಯೇರುತ್ತಿರುವುದು ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲಿಯಂ ಉರಿಸಿದ್ದರಿಂದ.

ಮನೆಯ ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಬಂದಿದೆ. ಕೀಳಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಈ ವಾರವೇ ಕೀಳಿ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಅದು. ಬೇರು ದಪ್ಪವಾದ ಮೇಲೆ ಗೋಡೆ ಬಾಯಿ ಬಿಡುತ್ತದೆ. ಬರಿಯ ಮೇಲ್ಭಾಗ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಆದ್ದರಿಂದ ಗಾರೆ ನೆನೆಸಿ, ಬೇರು ಸಮೇತ ಬಿಡಿಸಿ, ಕೆಲವು ವಾರ ಕುಂಡದಲ್ಲಿ ನೆರಳಿನಲ್ಲಿಟ್ಟು ಸುಧಾರಿಸಿಕೊಳ್ಳಲು ಬಿಡಿ. ಮಳೆಗಾಲದ ಆರಂಭದಲ್ಲಿ ಕೆರೆಯ ಅಂಚಿನಲ್ಲೋ ಶಾಲೆಯ ಬಯಲಿನಲ್ಲೋ, ಕಟ್ಟಡ ಮತ್ತು ನೀರಿನ ಪೈಪುಗಳಿಂದ ಸಾಕಷ್ಟು ದೂರದಲ್ಲಿ ನೆಡಿ. ಮೊದಲ ಎರಡು ವರ್ಷ ಆಡುಗಳು ಮೇಯದಂತೆ ಬೇಲಿ ಹಾಕಿ.