ಮಾವನಿಗೆ ಮತ್ತೆ ಫ್ಲೂ ಸೂಜಿ ಹಾಕಿಸಲಾ, ಬಿಡಲಾ?

ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬ ತಂಗಿ ಬರೆದಿದ್ದಾಳೆ: "ಅಕ್ಕಾ, ನಮ್ಮ ಮಾವನಿಗೆ 74 ವರ್ಷ, ಶುಗರ್ ಇದೆ. ಹೋದ ವರ್ಷ ಜೂನ್‌ನಲ್ಲಿ ನಾನೇ ಹಠ ಹಿಡಿದು ಫ್ಲೂ ಸೂಜಿ ಹಾಕಿಸಿದೆ. ಇನ್ನು ಜ್ವರ ಬರುವುದಿಲ್ಲ ಮಾವಾ ಅಂದಿದ್ದೆ. ಐದೇ ದಿನಕ್ಕೆ ಜ್ವರ, ಕೆಮ್ಮು. ವಾರವಿಡೀ ಬಚ್ಚಲೊಲೆ ಮುಂದೆ ಕಂಬಳಿ ಹೊದ್ದು ಕೂತಿದ್ದರು. 'ಮಂಗನ ಕಾಯಿಲೆ ಸೂಜಿಯದೂ ಇದೇ ಕಥೆ' ಅಂತಾರೆ. ಮನೆಯವರು ಸುಮ್ನೆ ದುಡ್ಡು ದಂಡ ಅಂತಾರೆ. ಈ ಸಲ ಒತ್ತಾಯ ಮಾಡಲಾ?"

ತಂಗೀ, ಸೂಜಿ ಹಾಕಿಸಿದ್ದು ತಪ್ಪಲ್ಲ. ಜ್ವರವೇ ಬರುವುದಿಲ್ಲ ಅಂದೆಯಲ್ಲ, ಆ ಮಾತು ತಪ್ಪಾಯಿತು. ಮಾವನಿಗೆ ಸಿಟ್ಟಿರುವುದೂ ಆ ಮಾತಿನ ಮೇಲೆ.

ಸೂಜಿ ಹಾಕಿದ ಮೇಲೆ ಮೈಯಲ್ಲಿ ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು. ಐದನೇ ದಿನಕ್ಕೆ ಬಂದ ಜ್ವರವನ್ನು ಅದು ತಡೆಯುವುದಾದರೂ ಹೇಗೆ? ಸೂಜಿಯಿಂದಲೇ ಫ್ಲೂ ಬಂತು ಅನ್ನುವುದೂ ಸರಿಯಲ್ಲ, ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ಜೊತೆಗೆ ಮಳೆಗಾಲದ ಶೀತ ಕೆಮ್ಮೆಲ್ಲ ಫ್ಲೂ ಅಲ್ಲ, ಬೇರೆ ವೈರಸ್‌ಗಳ ಮೇಲೆ ಈ ಲಸಿಕೆ ಕೆಲಸ ಮಾಡುವುದಿಲ್ಲ.

ಆದರೆ ಮಾವನ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆಗೆ ಸೂಜಿ ಹಾಕಿಸಿಕೊಂಡವರಿಗೂ ಕಾಯಿಲೆ ಬಂತು, ಕಡೆಗೆ ಪರಿಣಾಮ ಸಾಲದು ಅಂತ ಆ ಲಸಿಕೆಯನ್ನೇ ನಿಲ್ಲಿಸಿದರು. ಅದನ್ನು ಕಣ್ಣಾರೆ ಕಂಡವರಿಗೆ ನಂಬು ಅಂದರೆ ಹೇಗೆ ನಂಬುತ್ತಾರೆ? ಫ್ಲೂ ಲಸಿಕೆಯೂ ವಯಸ್ಸಾದವರಿಗೆ ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ, ವೈರಸ್ ಬೇರೆ ವರ್ಷ ವರ್ಷ ವೇಷ ಬದಲಿಸುತ್ತದೆ. ಬೇರೆ ಬೇರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯ ಲೆಕ್ಕ ಹೀಗಿದೆ: ಸೂಜಿ ಹಾಕಿಸದ 100 ಹಿರಿಯರಲ್ಲಿ ಒಂದು ಸೀಸನ್‌ಗೆ 6 ಜನರಿಗೆ ಫ್ಲೂ ಬಂದರೆ, ಹಾಕಿಸಿಕೊಂಡವರಲ್ಲಿ 2 ಅಥವಾ 3 ಜನರಿಗೆ. ಪೂರ್ತಿ ತಡೆಯಲ್ಲ, ಆದರೆ ಅರ್ಧದಷ್ಟಾದರೂ ಕಡಿಮೆ. ಶುಗರ್ ಇರುವ 74ರ ಜೀವಕ್ಕೆ ಫ್ಲೂ ನ್ಯುಮೋನಿಯಾಕ್ಕೆ ತಿರುಗಿದರೆ ಏನು ಗತಿ ಅಂತ ನೆನೆಸಿಕೊಂಡರೆ ನನಗಂತೂ ಇದು ದಂಡ ಅನಿಸುವುದಿಲ್ಲ.

ಒತ್ತಾಯ ಮಾಡಬೇಡ. ಸಂಜೆ ಚಹಾ ಕೊಡುವಾಗ ಪಕ್ಕದಲ್ಲಿ ಕೂತು, "ಮಾವಾ, ಹೋದ ಸಲ ನಾನು ಹೇಳಿದ್ದು ಜಾಸ್ತಿ ಆಯ್ತು" ಅನ್ನು. ಆಮೇಲೆ ಆ 6 ಮತ್ತು 2-3ರ ಲೆಕ್ಕವನ್ನು ಇದ್ದ ಹಾಗೇ ಹೇಳು. ವರ್ಷವಿಡೀ ತೋಟದ ಲೆಕ್ಕ ಹಾಕುವವರು, ಖಂಡಿತ ಅರ್ಥವಾಗುತ್ತದೆ. ಬೇಡ ಅಂದರೆ ಬೇಡ, ಮೈ ಅವರದು.

ಅವರು ಒಪ್ಪಲಿ ಬಿಡಲಿ, ನೀನು, ನಿನ್ನ ಗಂಡ, ಶಾಲೆಗೆ ಹೋಗುವ ಮಕ್ಕಳು ಹಾಕಿಸಿಕೊಳ್ಳಿ. ಮನೆಯೊಳಗೆ ಫ್ಲೂ ತರುವವರು ನೀವೇ ಅಲ್ವಾ! ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಹೋಗಿ. ಲಸಿಕೆಯ ಬಾಟಲಿ ಈ ವರ್ಷದ್ದೇನಾ ಅಂತ ಕೇಳು. ಯಾರಿಗಾದರೂ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸು.

ಮತ್ತೆ ಮಾವನಿಗೆ ಜ್ವರ ಬಂದರೆ ಕಷಾಯ ಕೊಡು, ಆದರೆ ಅದನ್ನೇ ನೆಚ್ಚಿ ವಾರ ಕಾಯಬೇಡ. ಡಾಕ್ಟರಿಗೆ ತೋರಿಸು; ಅವರು ಬರೆದುಕೊಡುವ, ಫ್ಲೂ ವೈರಸ್ಸನ್ನೇ ತಡೆಯುವ ಮಾತ್ರೆ ಚೆನ್ನಾಗಿ ಹಿಡಿಯುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಸರಿ, ಗಾಡಿ ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಹಾಂ, ಅವರು ಒಪ್ಪಿದರೆ ಇನ್ನೊಂದು: ಒಂದೆರಡು ದಿನ ತೋಳು ನೋಯುತ್ತದೆ, ಮೈ ಸ್ವಲ್ಪ ಬಿಸಿಯಾಗಬಹುದು ಅಂತ ಹೊರಡುವ ಮುಂಚೆಯೇ ಹೇಳಿಬಿಡು.